ರಕ್ತದ ನೆನಪು, ಊರಿನ ನೆನಪು: ಹಾಸನ ಸೀಮೆಯಲ್ಲಿ ಲೋಹ, ಹೊಗೆಸೊಪ್ಪು ಮತ್ತು ಶ್ವಾಸಕೋಶದ ಕ್ಯಾನ್ಸರ್

ಹಾಸನದಿಂದ ಅರಸೀಕೆರೆಗೆ ಹೋಗುವ ದಾರಿಯ ಸಮೀಪದ ಕೊರವಂಗಲವು ನಾಡಿನ ಚರಿತ್ರೆಯಲ್ಲಿ ಹೆಸರಾಗಿರುವುದು ಬೂಚೇಶ್ವರ ದೇವಾಲಯದಿಂದ. ಹೊಯ್ಸಳ ಇಮ್ಮಡಿ ಬಲ್ಲಾಳನ ಪಟ್ಟಾಭಿಷೇಕದ ಸಂದರ್ಭದಲ್ಲಿ, ಕ್ರಿ.ಶ. 1173ರಲ್ಲಿ, ರಾಜ್ಯದ ಅಧಿಕಾರಿಯಾಗಿದ್ದ ಬೂಚಿರಾಜನು ಕಟ್ಟಿಸಿದ ಗುಡಿ ಇದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ನಿರ್ಮಾಣವಾದ ಲಕ್ಷ್ಮೀನರಸಿಂಹ ದೇವಾಲಯದಂತೆ ಇದೂ ಬಳಪದ ಕಲ್ಲಿನ ಕಟ್ಟಡ. ಮೆಗ್ನೀಸಿಯಂ ಹೇರಳವಾಗಿರುವ ಅತಿ ಪ್ರಾಚೀನ ಶಿಲೆಗಳು ಭೂಗರ್ಭದ ಶಾಖ, ಒತ್ತಡ ಮತ್ತು ನೀರಿನ ಪ್ರಭಾವಕ್ಕೆ ಒಳಗಾಗಿ ಮಾರ್ಪಟ್ಟಾಗ ಬಳಪದ ಕಲ್ಲು ಹುಟ್ಟುತ್ತದೆ. ಕ್ರೋಮೈಟ್ ಅದಿರು, ನಿಕ್ಕಲ್ ಮತ್ತು ಕಲ್ನಾರುಗಳ ತವರೂ ಇದೇ ಶಿಲಾಕುಲ. ಶಿಲ್ಪಿಯ ಉಳಿಗೆ ಮೃದುವಾಗಿ ಒದಗಿದ ಈ ನೆಲ, ಏಳು ಶತಮಾನಗಳ ಅನಂತರ ಗಣಿಗಾರನ ಹಾರೆಗೂ ಒದಗಿತು. ಕಲೆಯ ಚರಿತ್ರೆಯಲ್ಲಿ ವಿಸ್ತಾರವಾಗಿ ದಾಖಲಾದ ಈ ಸೀಮೆಯ ನೆಲ, ದುಡಿಯುವವರ ದೇಹದ ಚರಿತ್ರೆಯಲ್ಲಿ ಅಷ್ಟು ದಾಖಲಾಗಿಲ್ಲ.

ಶ್ವಾಸಕೋಶದ ಕ್ಯಾನ್ಸರ್ ಪೀಡಿತರ ರಕ್ತದಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್, ಆರ್ಸೆನಿಕ್ ಮುಂತಾದವುಗಳ ಪ್ರಮಾಣವನ್ನು ಅಳೆದು, ಅದನ್ನು ಆರೋಗ್ಯವಂತರ ರಕ್ತದೊಡನೆ ಹೋಲಿಸುವ ಅಧ್ಯಯನಗಳು ಜಗತ್ತಿನ ಅನೇಕ ದೇಶಗಳಲ್ಲಿ ನಡೆದಿವೆ. ಇವುಗಳ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಒಂದು ಲೋಹ ಒಂದೆಡೆ ಹೆಚ್ಚಾಗಿ ಕಂಡರೆ ಇನ್ನೊಂದೆಡೆ ವ್ಯತ್ಯಾಸವೇ ಕಾಣುವುದಿಲ್ಲ. ಈ ಭಿನ್ನತೆಗೆ ಕಾರಣವನ್ನು ಪ್ರಯೋಗಾಲಯದಲ್ಲಿ ಮಾತ್ರ ಹುಡುಕಿದರೆ ಸಾಲದು. ರಕ್ತವು ಕೆಲವು ವಾರ ಅಥವಾ ತಿಂಗಳುಗಳ ಸಂಗತಿಯನ್ನು ಹೇಳುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಇಪ್ಪತ್ತು ಮೂವತ್ತು ವರ್ಷಗಳ ಹಿಂದಿನ ಬದುಕಿನಿಂದ ಹುಟ್ಟುತ್ತದೆ. ಇವೆರಡರ ನಡುವಿನ ಅಂತರವನ್ನು ತುಂಬಬಲ್ಲದ್ದು ವ್ಯಕ್ತಿಯ ದುಡಿಮೆಯ ಚರಿತ್ರೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಪರಿಸರವನ್ನು ಆಧಾರವಾಗಿಟ್ಟುಕೊಂಡು ಈ ಸಂಗತಿಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಶಿಲೆ ಮತ್ತು ಗಣಿ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯು ಕ್ರೋಮೈಟ್ ನಿಕ್ಷೇಪಗಳಿಗೆ ಹೆಸರಾದದ್ದು. 1966ರಲ್ಲಿ ಸ್ಥಾಪನೆಯಾದ ಮೈಸೂರು ಮಿನರಲ್ಸ್ ಸಂಸ್ಥೆಯು ಈ ಪಟ್ಟಿಯ ಬೈರಾಪುರದಲ್ಲಿ ನೆಲದಾಳದ ಗಣಿಯನ್ನು ನಡೆಸಿತ್ತು. ತಗಡೂರು, ಜಂಬೂರು, ಭಕ್ತರಹಳ್ಳಿ ಮುಂತಾದ ಊರುಗಳ ಹೆಸರೂ ಕ್ರೋಮೈಟ್‌ನೊಂದಿಗೆ ಸೇರಿಕೊಂಡಿವೆ. ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ಕಲ್ನಾರು ದೊರೆಯುತ್ತಿತ್ತು. ಕಲ್ನಾರು ಲೋಹವಲ್ಲವಾದರೂ ಅದರ ಎಳೆಗಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧಪಟ್ಟಿದೆ. ಧೂಮಪಾನವೂ ಜೊತೆಗೂಡಿದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ.

ಕ್ರೋಮಿಯಂ ವಿಷಯದಲ್ಲಿ ಒಂದು ಭೇದವನ್ನು ಗಮನಿಸಬೇಕು. ಅದಿರಿನಲ್ಲಿರುವುದು ಬಹುಮಟ್ಟಿಗೆ ಮೂರು ವೇಲೆನ್ಸಿಯ ಕ್ರೋಮಿಯಂ. ಕ್ಯಾನ್ಸರ್‌ಕಾರಕವೆಂದು ಸಿದ್ಧವಾಗಿರುವುದು ಆರು ವೇಲೆನ್ಸಿಯ ರೂಪ. ಇದು ಮುಖ್ಯವಾಗಿ ಅದಿರನ್ನು ಸಂಸ್ಕರಿಸುವಾಗ, ಲೇಪನ ಮತ್ತು ಬೆಸುಗೆಯ ಕೆಲಸಗಳಲ್ಲಿ ಉಂಟಾಗುತ್ತದೆ. ಮಣ್ಣಿನಲ್ಲಿ ಮ್ಯಾಂಗನೀಸಿನ ಆಕ್ಸೈಡುಗಳಿದ್ದರೆ ಅಲ್ಲಿಯೂ ಸ್ವಲ್ಪ ಮಟ್ಟಿಗೆ ಈ ರೂಪಾಂತರ ನಡೆಯಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಆರು ವೇಲೆನ್ಸಿಯ ಕ್ರೋಮಿಯಂ ಮತ್ತು ನಿಕ್ಕಲ್ ಸಂಯುಕ್ತಗಳನ್ನು 1990ರಲ್ಲಿ, ಕ್ಯಾಡ್ಮಿಯಂ ಅನ್ನು 1993ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ವರ್ಗಕ್ಕೆ ಸೇರಿಸಿತು. ಆರ್ಸೆನಿಕ್ ಕೂಡ ಇದೇ ವರ್ಗದಲ್ಲಿದೆ. ಸೀಸದ ನಿರವಯವ ಸಂಯುಕ್ತಗಳು ಅದರ ಕೆಳಗಿನ ವರ್ಗದಲ್ಲಿವೆ. ಆದುದರಿಂದ 'ಭಾರಲೋಹ' ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ಸಮಾನ ಅಪರಾಧಿಗಳೆಂದು ನಿಲ್ಲಿಸುವುದು ಸರಿಯಾಗದು.

ನುಗ್ಗೇಹಳ್ಳಿ ಸುತ್ತಲಿನ ಕ್ರೋಮೈಟ್ ಗಣಿ ಪ್ರದೇಶದ ಮಣ್ಣನ್ನು ಪರೀಕ್ಷಿಸಿ, ಅಲ್ಲಿ ಕ್ರೋಮಿಯಂ, ನಿಕ್ಕಲ್ ಮುಂತಾದ ಲೋಹಗಳು ಅಧಿಕವಾಗಿರುವುದನ್ನು ತೋರಿಸಿದ ವೈಜ್ಞಾನಿಕ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮಣ್ಣಿನಲ್ಲಿ ಲೋಹವಿದೆ ಎಂಬುದರಿಂದ ಜನರ ಶ್ವಾಸಕೋಶಕ್ಕೆ ಅದು ತಲುಪಿದೆ ಎಂದು ನೇರವಾಗಿ ತೀರ್ಮಾನಿಸಲಾಗದು. ಧೂಳು ಎದ್ದದ್ದು ಯಾವಾಗ, ಅದನ್ನು ಉಸಿರಾಡಿದವರು ಯಾರು, ಎಷ್ಟು ವರ್ಷ ಎಂಬ ಪ್ರಶ್ನೆಗಳು ಉಳಿಯುತ್ತವೆ. ಇವು ಮೂಲತಃ ಚರಿತ್ರೆಯ ಪ್ರಶ್ನೆಗಳು.

ಹೊಗೆಸೊಪ್ಪಿನ ದಾರಿ

ಗಣಿಗಿಂತ ವ್ಯಾಪಕವಾದ ದಾರಿ ಹೊಗೆಸೊಪ್ಪಿನದು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆಯಿಂದ ಅರಕಲಗೂಡಿನವರೆಗೆ ಹಬ್ಬಿರುವ ಹಗುರ ಮಣ್ಣಿನ ಪ್ರದೇಶ ವರ್ಜೀನಿಯಾ ತಂಬಾಕಿನ ಬೆಳೆಗೆ ಒಗ್ಗಿಕೊಂಡಿದೆ. ತಂಬಾಕು ಮಂಡಳಿಯು 1975ರ ಕಾಯಿದೆಯನ್ವಯ 1976ರಲ್ಲಿ ಅಸ್ತಿತ್ವಕ್ಕೆ ಬಂದಿತು. ಕರ್ನಾಟಕದಲ್ಲಿ ಹರಾಜು ಪದ್ಧತಿ 1984ರಲ್ಲಿ ಆರಂಭವಾಯಿತು. ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿನಲ್ಲಿ ಸೌದೆಯ ಶಾಖದಿಂದ ಹದ ಮಾಡುವುದು, ದರ್ಜೆವಾರು ವಿಂಗಡಿಸಿ ಬೇಲು ಕಟ್ಟುವುದು ಈ ಬೇಸಾಯದ ಹಂತಗಳು. ಇವುಗಳಲ್ಲಿ ಹೆಂಗಸರ ದುಡಿಮೆಯ ಪಾಲು ದೊಡ್ಡದು.

ತಂಬಾಕಿನ ಗಿಡವು ಮಣ್ಣಿನ ಕ್ಯಾಡ್ಮಿಯಂ ಅನ್ನು ಹೀರಿ ಎಲೆಯಲ್ಲಿ ಕೂಡಿಟ್ಟುಕೊಳ್ಳುವ ಸಸ್ಯಗಳಲ್ಲಿ ಒಂದು. ಮಣ್ಣು ಹುಳಿಯಾಗಿದ್ದಷ್ಟೂ ಕ್ಯಾಡ್ಮಿಯಂ ಬೇರಿಗೆ ಸುಲಭವಾಗಿ ಸಿಗುತ್ತದೆ. ರಂಜಕದ ಗೊಬ್ಬರಗಳ ಮೂಲಕವೂ ಈ ಲೋಹ ಅಲ್ಪಪ್ರಮಾಣದಲ್ಲಿ ನೆಲಕ್ಕೆ ಸೇರುತ್ತದೆ. ಒಂದು ಸಿಗರೇಟಿನಲ್ಲಿ ಸಾಮಾನ್ಯವಾಗಿ 1ರಿಂದ 2 ಮೈಕ್ರೋಗ್ರಾಂ ಕ್ಯಾಡ್ಮಿಯಂ ಇರುತ್ತದೆ. ಅದರಲ್ಲಿ ಹತ್ತನೆಯ ಒಂದು ಭಾಗದಷ್ಟು ಸೇದುವವನ ದೇಹಕ್ಕೆ ಸೇರುತ್ತದೆ. ಸೇದುವವರ ರಕ್ತದಲ್ಲಿ ಕ್ಯಾಡ್ಮಿಯಂ ಪ್ರಮಾಣವು ಸೇದದವರಿಗಿಂತ ನಾಲ್ಕೈದು ಪಟ್ಟು ಹೆಚ್ಚಿರುವುದು ಸಾಮಾನ್ಯ.

ಶ್ವಾಸಕೋಶದ ಕ್ಯಾನ್ಸರ್ ಪೀಡಿತರಲ್ಲಿ ಬೀಡಿ ಸಿಗರೇಟು ಸೇದಿದವರ ಸಂಖ್ಯೆ ಅಧಿಕವಾಗಿರುವುದರಿಂದ, ಅವರ ರಕ್ತದಲ್ಲಿ ಕ್ಯಾಡ್ಮಿಯಂ ಹೆಚ್ಚಾಗಿ ಕಂಡುಬಂದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿ ಕ್ಯಾಡ್ಮಿಯಂ ಕಾಯಿಲೆಯ ಕಾರಣವಾಗಿ ಕಾಣುತ್ತಿದೆಯೋ, ಹೊಗೆಯ ಗುರುತಾಗಿ ಕಾಣುತ್ತಿದೆಯೋ ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ. ತಂಬಾಕಿನ ಹೊಗೆಯಲ್ಲಿ ಕ್ಯಾಡ್ಮಿಯಂ ಅಲ್ಲದೆ ಹತ್ತಾರು ಕ್ಯಾನ್ಸರ್‌ಕಾರಕ ವಸ್ತುಗಳಿವೆ. ಸೇದುವವರನ್ನು ಸೇದುವವರೊಂದಿಗೆ, ಸೇದದವರನ್ನು ಸೇದದವರೊಂದಿಗೆ ಹೋಲಿಸದ ಅಧ್ಯಯನವು ಕೊನೆಗೆ ಬೀಡಿಯ ಚರಿತ್ರೆಯನ್ನೇ ಲೋಹದ ಹೆಸರಿನಲ್ಲಿ ಓದಿದಂತಾಗುತ್ತದೆ.

ಎಂದೂ ಬೀಡಿ ಮುಟ್ಟದ ಹೆಣ್ಣುಮಕ್ಕಳ ವಿಷಯದಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಸೌದೆ ಒಲೆಯ ಹೊಗೆ ಬಹುಶಃ ಕ್ಯಾನ್ಸರ್‌ಕಾರಕವೆಂದು ವರ್ಗೀಕೃತವಾಗಿದೆ. ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಕರುಳು ಆಹಾರದಲ್ಲಿರುವ ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರುತ್ತದೆ. ಆದ್ದರಿಂದ ರಕ್ತಹೀನತೆಯಿರುವ ಹೆಂಗಸಿನ ರಕ್ತದ ಕ್ಯಾಡ್ಮಿಯಂ ಅವಳ ಹೊಲದ ಕತೆಯನ್ನು ಹೇಳುತ್ತಿರಬಹುದು, ಅವಳ ತಟ್ಟೆಯ ಕತೆಯನ್ನೂ ಹೇಳುತ್ತಿರಬಹುದು.

ಕುಲುಮೆ ಮತ್ತು ಮೈಲುತುತ್ತ

ಅಂಕಿಅಂಶಗಳಲ್ಲಿ ಎದ್ದು ಕಾಣದ ಸಣ್ಣ ವೃತ್ತಿಗಳಲ್ಲಿಯೂ ಲೋಹದ ದಾರಿಗಳಿವೆ. ಚಿನ್ನದಂಗಡಿಗಳ ಮೂಲಕ ಮನೆಮಾತಾದ 'ಕೆ.ಡಿ.ಎಂ.' ಎಂಬ ಅಕ್ಷರಗಳು ಸೂಚಿಸುವುದು ಕ್ಯಾಡ್ಮಿಯಂ ಬೆರೆತ ಬೆಸುಗೆಯನ್ನು. ಈ ಬೆಸುಗೆಯಿಂದ ಒಡವೆಯ ಚಿನ್ನದ ಶುದ್ಧತೆ ಉಳಿಯಿತು. ಕ್ಯಾಡ್ಮಿಯಂ ಸುಮಾರು 321 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ 767 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಚಿನ್ನ ಕರಗುವ ಶಾಖ ಅದಕ್ಕಿಂತ ಮೇಲಿನದು. ಹೀಗಾಗಿ ಬೆಸುಗೆಯ ವೇಳೆ ಕ್ಯಾಡ್ಮಿಯಂ ಆವಿಯಾಗಿ ಊದುಕೊಳವೆ ಹಿಡಿದು ಬಾಗಿ ಕುಳಿತ ಅಕ್ಕಸಾಲಿಯ ಉಸಿರಿಗೆ ಹತ್ತಿರವಾಗುತ್ತದೆ. ಒಡವೆ ತೊಟ್ಟವರಿಗೆ ಇಲ್ಲದ ಅಪಾಯ ಒಡವೆ ಮಾಡಿದವನಿಗೆ ಇದೆ.

ಮೈಲುತುತ್ತ ಎಂಬ ತಾಮ್ರದ ಸಲ್ಫೇಟು ಮಲೆನಾಡಿನ ಅಡಕೆ ತೋಟಗಳಿಗೆ ಬೋರ್ಡೋ ದ್ರಾವಣವಾಗಿ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗವನ್ನು ಕುರಿತು 1910ರಲ್ಲಿ ಪ್ರಬಂಧ ಪ್ರಕಟಿಸಿದರು. ಸಕಲೇಶಪುರದ ಕಡೆಯ ಕಾಫಿ ತೋಟಗಳಿಗೂ ಇದೇ ದ್ರಾವಣ ಪರಿಚಿತ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಈ ದ್ರಾವಣವನ್ನು ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿಕೊಂಡು ಗಂಟುಗಳಾದುದನ್ನು ಅಲ್ಲಿನ ವೈದ್ಯರು 1969ರಲ್ಲಿ ವರದಿ ಮಾಡಿದ್ದರು. ಹಾಸನ ತಾಲ್ಲೂಕಿನ ಮುಖ್ಯ ಬೆಳೆಯಾದ ಆಲೂಗಡ್ಡೆಗೆ ಅಂಗಮಾರಿ ತಗುಲದಂತೆ ಸಿಂಪಡಿಸುವ ಮ್ಯಾಂಕೋಜೆಬ್‌ನಲ್ಲಿ ಮ್ಯಾಂಗನೀಸ್ ಮತ್ತು ಸತು ಇವೆ. ಇವುಗಳಲ್ಲಿ ಯಾವುದೂ ತನ್ನಷ್ಟಕ್ಕೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಹೇಳಲಾಗದು. ಆದರೆ ರಕ್ತದಲ್ಲಿ ತಾಮ್ರ, ಸತು, ಮ್ಯಾಂಗನೀಸುಗಳನ್ನು ಅಳೆಯುವಾಗ ಆ ವ್ಯಕ್ತಿ ಹಿಂದಿನ ವಾರ ಹೊಲದಲ್ಲಿ ಏನು ಸಿಂಪಡಿಸಿದ್ದನು ಎಂಬುದು ತಿಳಿದಿರಬೇಕಾಗುತ್ತದೆ.

ರಕ್ತದ ನೆನಪಿನ ಅವಧಿ

ಪ್ರತಿಯೊಂದು ಲೋಹವೂ ದೇಹದಲ್ಲಿ ತನ್ನದೇ ಆದ ಕಾಲಮಾನವನ್ನು ಹೊಂದಿದೆ. ಆರ್ಸೆನಿಕ್ ಕೆಲವು ಗಂಟೆಗಳಿಂದ ಕೆಲವು ದಿನಗಳಲ್ಲಿ ರಕ್ತವನ್ನು ಬಿಟ್ಟು ಮೂತ್ರದ ದಾರಿ ಹಿಡಿಯುತ್ತದೆ. ಸೀಸದ ಪ್ರಮಾಣ ರಕ್ತದಲ್ಲಿ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ. ಮೂಳೆಯಲ್ಲಿ ಮಾತ್ರ ಅದು ದಶಕಗಳ ಕಾಲ ಉಳಿಯುತ್ತದೆ. ಆರು ವೇಲೆನ್ಸಿಯ ಕ್ರೋಮಿಯಂ ಕೆಂಪು ರಕ್ತಕಣಗಳೊಳಗೆ ಸೇರಿ ಆ ಕಣದ ಆಯುಷ್ಯವಾದ ಸುಮಾರು 120 ದಿನಗಳವರೆಗೆ ಇರುತ್ತದೆ. ಕ್ಯಾಡ್ಮಿಯಂನ ಹೆಚ್ಚಿನ ಪಾಲು ಕೆಲವು ತಿಂಗಳುಗಳಲ್ಲಿ ರಕ್ತದಿಂದ ಇಳಿದರೂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ನೆಲೆಸುತ್ತದೆ.

ಈ ಕಾಲಮಾನಗಳ ಪರಿಣಾಮವನ್ನು ಚಿಲಿ ದೇಶದ ಆಂಟೊಫಗಾಸ್ಟಾ ನಗರದ ಉದಾಹರಣೆ ಸ್ಪಷ್ಟಪಡಿಸುತ್ತದೆ. 1958ರಿಂದ 1970ರವರೆಗೆ ಆ ನಗರಕ್ಕೆ ಪೂರೈಕೆಯಾದ ನದಿಯ ನೀರಿನಲ್ಲಿ ಲೀಟರಿಗೆ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ 10 ಮೈಕ್ರೋಗ್ರಾಂ. 1970ರ ಸುಮಾರಿಗೆ ನೀರಿನ ಶುದ್ಧೀಕರಣ ಘಟಕ ಬಂದು ಆರ್ಸೆನಿಕ್ ಇಳಿಯಿತು. ಶ್ವಾಸಕೋಶದ ಕ್ಯಾನ್ಸರಿನ ಸಾವುಗಳು ಮಾತ್ರ ಅನಂತರದ ದಶಕಗಳಲ್ಲಿ ಏರಿದವು. ಆ ರೋಗಿಗಳ ರಕ್ತವನ್ನು ರೋಗ ಪತ್ತೆಯಾದ ದಿನ ಪರೀಕ್ಷಿಸಿದ್ದರೆ ಕಾರಣವಾದ ಆರ್ಸೆನಿಕ್ ಅಲ್ಲಿ ಸಿಗುತ್ತಿರಲಿಲ್ಲ. ಯಾವ ವರ್ಷ ಯಾವ ಊರಿನಲ್ಲಿ ಯಾವ ನೀರು ಕುಡಿದರು ಎಂಬ ದಾಖಲೆಯೇ ಕಾರಣವನ್ನು ತೋರಿಸಿತು. ಕರ್ನಾಟಕದಲ್ಲಿಯೂ 1994ರಲ್ಲಿ ಮುಚ್ಚಿದ ಮಂಗಳೂರು ಎಂಬ ಯಾದಗಿರಿ ಸೀಮೆಯ ಚಿನ್ನದ ಗಣಿಯ ಆಸುಪಾಸಿನಲ್ಲಿ, ಕಿರದಳ್ಳಿ ತಾಂಡಾ ಮುಂತಾದೆಡೆ, ನೀರಿನಲ್ಲಿ ಆರ್ಸೆನಿಕ್ ಇರುವುದು ಮತ್ತು ಜನರ ಚರ್ಮದ ಮೇಲೆ ಅದರ ಗುರುತುಗಳು ಮೂಡಿರುವುದು ವರದಿಯಾಗಿವೆ. ಇಂಥ ಕಡೆಗಳಲ್ಲಿ ಕೂದಲು ಮತ್ತು ಉಗುರುಗಳ ಪರೀಕ್ಷೆಗೆ ಮಹತ್ವವಿರುವುದು ಅವುಗಳ ನೆನಪು ರಕ್ತಕ್ಕಿಂತ ಕೆಲವು ತಿಂಗಳು ಉದ್ದವಾಗಿರುವುದರಿಂದ.

ಕಾಯಿಲೆಯೇ ರಕ್ತವನ್ನು ಬದಲಾಯಿಸುತ್ತದೆ ಎಂಬುದು ಇನ್ನೊಂದು ತೊಡಕು. ದೇಹದಲ್ಲಿ ಉರಿಯೂತ ಹೆಚ್ಚಿದಾಗ ತಾಮ್ರವನ್ನು ಹೊರುವ ಪ್ರೋಟೀನು ಹೆಚ್ಚಿ ರಕ್ತದ ತಾಮ್ರ ಏರುತ್ತದೆ, ಸತು ಇಳಿಯುತ್ತದೆ. ಮೂಳೆ ಸವೆದಾಗ ಅದರೊಳಗಿನ ಹಳೆಯ ಸೀಸ ರಕ್ತಕ್ಕೆ ಮರಳುತ್ತದೆ. ಚಿಕಿತ್ಸೆಗೆ ಬಳಸುವ ಸಿಸ್‌ಪ್ಲಾಟಿನ್ ಸ್ವತಃ ಪ್ಲಾಟಿನಂ ಎಂಬ ಭಾರಲೋಹದ ಸಂಯುಕ್ತ. ಆದುದರಿಂದ ಮಾದರಿಯನ್ನು ಚಿಕಿತ್ಸೆಗೆ ಮೊದಲು ತೆಗೆದುಕೊಂಡಿದ್ದಾರೆಯೇ ಎಂಬುದು ಮುಖ್ಯ. ಕಾಲದ ಹೋಲಿಕೆಯೂ ಅಷ್ಟೇ ಮುಖ್ಯ. 1997ರಿಂದ 1999ರವರೆಗೆ ಬೆಂಗಳೂರಿನ ಜಾರ್ಜ್ ಫೌಂಡೇಷನ್ ದೇಶದ ಏಳು ನಗರಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಅಧಿಕ ಸೀಸ ಕಂಡುಬಂದಿತ್ತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದಿತು. ಅದಕ್ಕೆ ಮೊದಲು ತೆಗೆದ ರಕ್ತವನ್ನು ಅನಂತರ ತೆಗೆದ ರಕ್ತದೊಡನೆ ಹೋಲಿಸಿದರೆ ಸಿಗುವುದು ಪೆಟ್ರೋಲಿನ ಚರಿತ್ರೆ.

ವೃತ್ತಿಯನ್ನು ಕೇಳಿದವರು

ದುಡಿಮೆಯ ಮೂಲಕ ಕಾಯಿಲೆಯನ್ನು ತಿಳಿಯುವ ಪರಂಪರೆ ಪ್ರಯೋಗಾಲಯಕ್ಕಿಂತ ಹಳೆಯದು. ಜರ್ಮನಿಯ ಅಗ್ರಿಕೋಲ 1556ರಲ್ಲಿ ಪ್ರಕಟವಾದ ತನ್ನ ಗಣಿಗ್ರಂಥದಲ್ಲಿ, ಕಾರ್ಪೇಥಿಯನ್ ಬೆಟ್ಟಗಳ ಗಣಿಯೂರುಗಳಲ್ಲಿ ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರಿರುವುದನ್ನು ದಾಖಲಿಸಿದ್ದಾನೆ. ಸಾವಿನ ಲೆಕ್ಕವಿಡುವ ಕಚೇರಿಗಳಿಲ್ಲದ ಕಾಲದಲ್ಲಿ ವಿಧವೆಯರ ಕುರಿತ ಜನರ ಮಾತೇ ಗಣಿಯ ಮೇಲಿನ ಸಾಕ್ಷ್ಯವಾಗಿತ್ತು. ಇಟಲಿಯ ವೈದ್ಯ ರಾಮಝಿನಿ 1700ರಲ್ಲಿ ಕುಶಲಕರ್ಮಿಗಳ ಕಾಯಿಲೆಗಳ ಬಗ್ಗೆ ಗ್ರಂಥ ಬರೆದು, ರೋಗಿಯ ಕಸುಬನ್ನು ವೈದ್ಯನು ತಪ್ಪದೆ ಕೇಳಬೇಕೆಂದು ವಿಧಿಸಿದನು. ಜಪಾನಿನಲ್ಲಿ ಕ್ಯಾಡ್ಮಿಯಂ ಸೇರಿದ ನದಿನೀರಿನಿಂದ ಬೆಳೆದ ಅಕ್ಕಿಯುಂಡು ಮೂಳೆನೋವಿಗೀಡಾದವರ ಕಾಯಿಲೆಗೆ 'ಇತಾಯ್ ಇತಾಯ್' ಎಂದು, ಎಂದರೆ 'ನೋವು ನೋವು' ಎಂದು, ಹೆಸರು ಬಂದದ್ದು ರೋಗಿಗಳ ನರಳಿಕೆಯಿಂದ. ಅಲ್ಲಿನ ಸರ್ಕಾರ ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ.

ಜರ್ಮನಿಯ ಶ್ನೀಬರ್ಗ್ ಗಣಿಗಳ ಕಾರ್ಮಿಕರ ಎದೆಯ ಕಾಯಿಲೆಯು ಕ್ಯಾನ್ಸರ್ ಎಂದು ಹಾರ್ಟಿಂಗ್ ಮತ್ತು ಹೆಸ್ಸೆ ಎಂಬ ವೈದ್ಯರು 1879ರಲ್ಲಿ ತೋರಿಸಿಕೊಟ್ಟರು. ಅದಿರಿನಲ್ಲಿ ಆರ್ಸೆನಿಕ್, ಕೋಬಾಲ್ಟ್, ನಿಕ್ಕಲ್ ಇದ್ದುದರಿಂದ ಲೋಹಗಳ ಮೇಲೆ ಅನುಮಾನ ಬಂದದ್ದು ಸಹಜ. ಮುಖ್ಯ ಕಾರಣ ರೇಡಾನ್ ಎಂಬ ವಿಕಿರಣಶೀಲ ಅನಿಲವೆಂಬುದು 20ನೆಯ ಶತಮಾನದಲ್ಲಿ ಖಚಿತವಾಯಿತು. ಕಸುಬಿಗೂ ಕಾಯಿಲೆಗೂ ಇರುವ ಸಂಬಂಧವನ್ನು ದುಡಿಮೆಯ ಚರಿತ್ರೆ ಸರಿಯಾಗಿಯೇ ಗುರುತಿಸಿತ್ತು. ಕಾರಣವಾದ ವಸ್ತುವನ್ನು ಹೇಳಲು ಪ್ರಯೋಗಾಲಯ ಬೇಕಾಯಿತು. ಎರಡೂ ಸಾಕ್ಷ್ಯಗಳ ಶಕ್ತಿ ಮತ್ತು ಮಿತಿ ಇಲ್ಲಿ ಒಟ್ಟಿಗೆ ಕಾಣುತ್ತವೆ. ಮೈಸೂರು ಸಂಸ್ಥಾನದಲ್ಲಿಯೇ ಕೋಲಾರದ ಚಿನ್ನದ ಗಣಿ ಕಾರ್ಮಿಕರ ಸಿಲಿಕೋಸಿಸ್ ಕಾಯಿಲೆಗೆ ಸಂಬಂಧಿಸಿದ ನಿಯಮಗಳು 1940ರಲ್ಲಿ ಬಂದವು. ದೊಡ್ಡ ಗಣಿ, ಹಾಜರಿ ಪುಸ್ತಕ, ಕಾರ್ಮಿಕ ಸಂಘಟನೆಗಳಿದ್ದ ಕಡೆ ದುಡಿಮೆ ಕಾಗದದ ಮೇಲೆ ಉಳಿಯುತ್ತದೆ. ದಿನಗೂಲಿಗೆ ಅದಿರು ಆರಿಸಿದವರ, ಬ್ಯಾರನ್ನಿಗೆ ಸೌದೆ ಒಟ್ಟಿದವರ, ಊದುಕೊಳವೆ ಹಿಡಿದವರ ದುಡಿಮೆಗೆ ಆ ಭಾಗ್ಯವಿಲ್ಲ.

ಊರಿನ ನೆನಪನ್ನು ದಾಖಲಿಸುವ ಬಗೆ

ಈ ಭೇದಕ್ಕೆ ಕಾನೂನಿನ ಪರಿಣಾಮವೂ ಇದೆ. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯು ವೃತ್ತಿಜನ್ಯ ಕಾಯಿಲೆಗಳ ಪಟ್ಟಿಯನ್ನು ನೀಡಿತ್ತು. ಕ್ರೋಮಿಯಂ ಸಂಯುಕ್ತಗಳಿಂದ ಬರುವ ಕಾಯಿಲೆಗಳೂ ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರೂ ಅದರಲ್ಲಿ ಸೇರಿದ್ದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇಂಥ ಪಟ್ಟಿಯಿದೆ. ಪರಿಹಾರ ದೊರೆಯಲು ಕಾಯಿಲೆಯೊಂದಿಗೆ ದುಡಿಮೆಯನ್ನೂ ರುಜುವಾತುಪಡಿಸಬೇಕು. ಗಣಿ ಬಿಟ್ಟು ಇಪ್ಪತ್ತೈದು ವರ್ಷವಾದವನ ರಕ್ತದಲ್ಲಿ ಕ್ರೋಮಿಯಂ ಸಹಜ ಮಟ್ಟದಲ್ಲಿದೆ ಎಂಬ ವರದಿಯನ್ನು, ಅವನಿಗೆ ಎಂದೂ ಲೋಹ ಸೋಂಕಿರಲಿಲ್ಲ ಎಂಬ ಅರ್ಥದಲ್ಲಿ ಓದಿದರೆ ಅನ್ಯಾಯವಾಗುತ್ತದೆ. ಆ ವರದಿಯ ಅರ್ಥ ಇತ್ತೀಚಿನ ಕೆಲವು ತಿಂಗಳುಗಳಲ್ಲಿ ಸೋಂಕಿಲ್ಲ ಎಂಬಷ್ಟೇ.

ಹಳ್ಳಿಯ ಹಿರಿಯರು ಇಸವಿಗಳನ್ನು ಹೇಳದಿರಬಹುದು. ಗೊರೂರಿನ ಕಟ್ಟೆ ಕಟ್ಟುವಾಗ, ತುರ್ತು ಪರಿಸ್ಥಿತಿ ಬಂದಾಗ, ಹರಾಜು ಶುರುವಾದ ವರ್ಷ ಎಂದು ಅವರು ಕಾಲವನ್ನು ಗುರುತಿಸುತ್ತಾರೆ. ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ, ತುರ್ತು ಪರಿಸ್ಥಿತಿ 1975ರದು, ತಂಬಾಕಿನ ಹರಾಜು 1984ರದು. ಇಂಥ ಘಟನೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕೇಳಿದರೆ, ಒಬ್ಬ ವ್ಯಕ್ತಿ ಯಾವ ಅವಧಿಯಲ್ಲಿ ಎಲ್ಲಿ ದುಡಿದನು, ಯಾವ ನೀರು ಕುಡಿದನು, ಎಂದಿನಿಂದ ಎಂದಿನವರೆಗೆ ಬೀಡಿ ಸೇದಿದನು ಎಂಬುದನ್ನು ತಕ್ಕಮಟ್ಟಿಗೆ ಖಚಿತವಾಗಿ ಜೋಡಿಸಬಹುದು. ಜಾನಪದ ಕ್ಷೇತ್ರಕಾರ್ಯವು ವಂಶಾವಳಿ, ವಲಸೆ, ಜಾತ್ರೆಗಳ ಇತಿಹಾಸವನ್ನು ಸಂಗ್ರಹಿಸಲು ಬಹುಕಾಲದಿಂದ ಬಳಸುತ್ತ ಬಂದಿರುವ ವಿಧಾನವೇ ಇದು.

ನೆನಪಿಗೂ ದೋಷಗಳಿವೆ. ಕಾಯಿಲೆ ಬಿದ್ದವನು ಕಾರಣವನ್ನು ಹುಡುಕುತ್ತಿರುತ್ತಾನೆ; ಆರೋಗ್ಯವಂತನು ಮರೆತದ್ದನ್ನು ಅವನು ನೆನೆಯುತ್ತಾನೆ, ಕೆಲವೊಮ್ಮೆ ಹಿಗ್ಗಿಸಿಯೂ ಹೇಳುತ್ತಾನೆ. ಊರಿನಲ್ಲಿ ಈಗಾಗಲೇ ಗಣಿಯ ಮೇಲೆ ದೂರು ಹಬ್ಬಿದ್ದರೆ ಎಲ್ಲ ಸಾವುಗಳೂ ಗಣಿಯ ಲೆಕ್ಕಕ್ಕೆ ಸೇರಬಹುದು. ಈ ಕಾರಣದಿಂದ ರೋಗಿಗೆ ಕೇಳಿದ ಪ್ರಶ್ನೆಗಳನ್ನೇ ಅದೇ ಊರಿನ, ಅದೇ ವಯಸ್ಸಿನ ಆರೋಗ್ಯವಂತರಿಗೂ ಕೇಳಬೇಕು. ಜೊತೆಗೆ ದುಡಿದವರ ಹೇಳಿಕೆಯೊಂದಿಗೆ ತಾಳೆ ನೋಡಬೇಕು. ಹೆಂಗಸರ ದುಡಿಮೆಯನ್ನು ಮನೆಯ ಗಂಡಸರಿಂದ ಕೇಳಿ ಬರೆದುಕೊಳ್ಳದೆ ಅವರಿಂದಲೇ ಕೇಳಬೇಕು. ನೋಂದಣಿ ಪುಸ್ತಕದ 'ವ್ಯವಸಾಯ', 'ಗೃಹಿಣಿ' ಎಂಬ ಒಂದೊಂದು ಪದದೊಳಗೆ ತಂಬಾಕಿನ ಬ್ಯಾರನ್ನು, ಸಿಂಪರಣೆಯ ಡಬ್ಬ, ಗಣಿಯ ಅದಿರುರಾಶಿ ಎಲ್ಲವೂ ಮರೆಯಾಗಬಲ್ಲವು.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ ಸಂಸ್ಥೆಗೆ ನಾಡಿನ ಎಲ್ಲ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಇಂಥ ಕಡೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪೀಡಿತರ ರಕ್ತದ ಲೋಹಗಳನ್ನು ಅಳೆಯುವ ಅಧ್ಯಯನ ನಡೆದಾಗ, ರಕ್ತದ ಸೀಸೆಯೊಂದಿಗೆ ದುಡಿಮೆಯ ಕಾಲಾನುಕ್ರಮ ಪಟ್ಟಿಯೊಂದು ಹೋಗುವುದು ಅಗತ್ಯ. ಹುಟ್ಟಿದ ಊರು, ದುಡಿದ ಊರುಗಳು, ಪ್ರತಿ ಕಸುಬಿನ ಆರಂಭ ಮತ್ತು ಮುಕ್ತಾಯ, ಬಾವಿಯೋ ಕೊಳವೆಬಾವಿಯೋ, ಒಲೆಯ ಬಗೆ, ಬೀಡಿಯ ವರ್ಷಗಳು ಎಂಬ ಕೆಲವೇ ಕಾಲಂಗಳು ಇದಕ್ಕೆ ಸಾಕು. ಇದನ್ನು ಬರೆದುಕೊಳ್ಳಲು ದುಬಾರಿ ಯಂತ್ರ ಬೇಡ. ಕನ್ನಡ ಬಲ್ಲ, ಕೇಳುವ ತಾಳ್ಮೆಯುಳ್ಳ ಒಬ್ಬರು ಬೇಕು. ಬೈರಾಪುರದ ಗಣಿಯಲ್ಲಿ ಇಳಿದು ದುಡಿದ ತಲೆಮಾರು ಮುಪ್ಪಿಗೆ ಬಂದಿದೆ. ಅವರಿಂದ ಕೇಳಿ ಬರೆದುಕೊಳ್ಳಬೇಕಾದುದನ್ನು ಮುಂದೆ ಯಾವ ರಕ್ತಪರೀಕ್ಷೆಯೂ ಮರಳಿ ಒದಗಿಸಲಾರದು.